ಆಂಥೊನಿ ಡೇವಿಸ್: ಎಲ್ಲಿಂದ ಕೇಳಲು ಶುರುಮಾಡುವುದು?

2020ರಲ್ಲಿ ಸಂಗೀತದ ಪುಲಿಟ್ಜರ್ ಪ್ರಶಸ್ತಿ ಬಂದಮೇಲೆ ಅಮೆರಿಕದ ಸಂಯೋಜಕ ಆಂಥೊನಿ ಡೇವಿಸ್ ಹೆಸರು ಒಪೆರಾ (ಹಾಡಿನಲ್ಲೇ ನಡೆಯುವ ರಂಗನಾಟಕ) ಲೋಕದ ಆಚೆಗೂ ಓಡಾಡತೊಡಗಿತು. 2023ರ ನವೆಂಬರ್‌ನಲ್ಲಿ ಕಪ್ಪು ಜನರ ಹಕ್ಕಿಗಾಗಿ ಹೋರಾಡಿದ ಮಾಲ್ಕಂ ಎಕ್ಸ್ ಮೇಲಿನ ಅವರ ಒಪೆರಾ ‘ಎಕ್ಸ್’ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾದ ವೇದಿಕೆ ಹತ್ತಿ, ಅಲ್ಲಿಂದ ಚಿತ್ರಮಂದಿರಗಳಿಗೂ ನೇರಪ್ರಸಾರವಾದಾಗ ಇನ್ನಷ್ಟು ಜನ ತಿರುಗಿ ನೋಡಿದರು. ಆಮೇಲೆ ಹುಟ್ಟಿಕೊಂಡ ಗೊಂದಲ ಸಹಜವೇ. ಪ್ರಶಸ್ತಿ ತಂದ ಕೃತಿಯನ್ನು ಮೊದಲು ಕೇಳುವುದೋ, ಹೆಸರು ತಂದ ಕೃತಿಯನ್ನೋ? ಒಪೆರಾ ಅಂದರೆ ಮಾರುದೂರ ಸರಿಯುವವರು, ಆದರೆ ಜಾಝ್ ಅಂದರೆ ಕಿವಿ ನಿಮಿರುವವರು ಎಲ್ಲಿಗೆ ಹೋಗಬೇಕು? ಕಚೇರಿ ಕೇಳಿ ಬೆಳೆದ ಕಿವಿಗೆ ಇದರಲ್ಲಿ ಏನಾದರೂ ದಕ್ಕೀತೇ?

ಮೊದಲು ಮನುಷ್ಯನ ಬಗ್ಗೆ ನಾಲ್ಕು ಮಾತು. ಡೇವಿಸ್ ಹುಟ್ಟಿದ್ದು 1951ರಲ್ಲಿ, ನ್ಯೂಜೆರ್ಸಿಯ ಪ್ಯಾಟರ್ಸನ್‌ನಲ್ಲಿ. ತಂದೆ ಚಾರ್ಲ್ಸ್ ಡೇವಿಸ್ ಸಾಹಿತ್ಯದ ವಿದ್ವಾಂಸರು, ಯೇಲ್ ವಿಶ್ವವಿದ್ಯಾಲಯದಲ್ಲಿ ಆಫ್ರಿಕನ್-ಅಮೆರಿಕನ್ ಅಧ್ಯಯನವನ್ನು ಕಟ್ಟಿ ಬೆಳೆಸಿದವರು. ಮಗ ಅದೇ ಯೇಲ್‌ನಲ್ಲಿ ಓದಿ 1975ರಲ್ಲಿ ಪದವಿ ಮುಗಿಸಿದರು; ಟ್ರಂಪೆಟ್‌ನ ವಾಡಾಡಾ ಲಿಯೊ ಸ್ಮಿತ್, ಟ್ರೊಂಬೋನ್‌ನ ಜಾರ್ಜ್ ಲೂಯಿಸ್ ಅಂಥವರ ಜೊತೆ ಪಿಯಾನೊ ನುಡಿಸುತ್ತಲೇ ಸಂಗೀತಗಾರರಾದರು. 1981ರಲ್ಲಿ ‘ಎಪಿಸ್ಟೀಮಿ’ ಎಂಬ ತಮ್ಮದೇ ತಂಡ ಕಟ್ಟಿದರು. 1998ರಿಂದ ಸ್ಯಾನ್ ಡಿಯಾಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮೇಷ್ಟ್ರು. ಸಂಗೀತ ಶಾಲೆಯಲ್ಲಿ ಒಪೆರಾ ಕಲಿತು ಆಮೇಲೆ ಜಾಝ್ ಸವರಿಕೊಂಡವರಲ್ಲ ಇವರು. ಬ್ಯಾಂಡಿನಿಂದ ಎದ್ದುಬಂದು, ಆ ಬ್ಯಾಂಡನ್ನೇ ಆರ್ಕೆಸ್ಟ್ರಾದ ನಡುವೆ ಕೂರಿಸಿದವರು. ಇದು ನೆನಪಿದ್ದರೆ ಮುಂದಿನದು ಸಲೀಸು.

ಯಾವುದರಿಂದ ಅಳೆಯುವುದು?

ಆಯ್ಕೆಗೆ ನಾನು ಇಟ್ಟುಕೊಂಡ ಅಳತೆಗೋಲುಗಳು ಇವು. ಮೊದಲನೆಯದು, ಕಥೆ ಎಷ್ಟು ಗೊತ್ತಿರಬೇಕು ಅನ್ನುವುದು. ಡೇವಿಸ್ ಅವರ ಹೆಚ್ಚಿನ ಒಪೆರಾಗಳು ಅಮೆರಿಕದ ಇತಿಹಾಸದಿಂದ ಎದ್ದವು. ಅಲ್ಲಿನವರಿಗೆ ಅದು ಮನೆಮಾತು, ನಮಗೆ ಅಲ್ಲ. ಎರಡನೆಯದು, ಮಾತು ಕಿವಿಗೆ ನಿಲುಕುತ್ತದೆಯೇ ಎಂಬುದು. ಇಂಗ್ಲಿಷ್ ಒಪೆರಾ ಅಂದಮಾತ್ರಕ್ಕೆ ಹಾಡಿದ್ದೆಲ್ಲ ಅರ್ಥವಾಗುತ್ತದೆ ಅಂತೇನಿಲ್ಲ. ಎತ್ತರದ ಸ್ಥಾಯಿಯಲ್ಲಿ ಸೊಪ್ರಾನೊ (ಏರುದನಿಯ ಗಾಯಕಿ) ಹಾಡುವಾಗ ಅಲ್ಲಿನವರೇ ಮೇಲಿನ ಪರದೆಯ ಸಾಲುಗಳನ್ನು ಓದುತ್ತಾರೆ. ಹಾಗಾಗಿ ಲಿಬ್ರೆಟೊ, ಅಂದರೆ ಒಪೆರಾದ ಮಾತಿನ ಪಠ್ಯ, ಕೈಗೆ ಸಿಗುತ್ತದೆಯೇ ಎಂದು ನೋಡಬೇಕು.

ಮೂರನೆಯದು ಸಮಯ. ಎರಡು ಗಂಟೆ ಕೂರುವ ವ್ಯವಧಾನ ಇದೆಯೇ, ಇಪ್ಪತ್ತೈದು ನಿಮಿಷವೇ? ನಾಲ್ಕನೆಯದು ಖರ್ಚು: ಮೊಬೈಲ್‌ನಲ್ಲಿ ಈಗಾಗಲೇ ಇರುವ ಸ್ಟ್ರೀಮಿಂಗ್ ಸಾಕೇ, ತಿಂಗಳ ಚಂದಾ ಕಟ್ಟಬೇಕೇ, ಟಿಕೆಟ್ ಕೊಂಡು ಹೋಗಬೇಕೇ? ಕೊನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ತೂಕದ್ದು: ನೀವು ಮಾತಿನ ಬೆನ್ನು ಹತ್ತುವವರೋ, ಲಯದ ಬೆನ್ನು ಹತ್ತುವವರೋ? ಈ ಒಂದು ಪ್ರಶ್ನೆಗೆ ಉತ್ತರ ಸಿಕ್ಕರೆ ಅರ್ಧ ಆಯ್ಕೆ ಮುಗಿದಂತೆ.

‘ಎಕ್ಸ್: ದಿ ಲೈಫ್ ಅಂಡ್ ಟೈಮ್ಸ್ ಆಫ್ ಮಾಲ್ಕಂ ಎಕ್ಸ್’ (1986)

ಡೇವಿಸ್ ಅವರ ಮೊದಲ ಒಪೆರಾ. ಕುಟುಂಬದ ಕೆಲಸ ಎನ್ನಬೇಕು: ಕಥೆಯ ಹಂದರ ಸಹೋದರ ಕ್ರಿಸ್ಟೋಫರ್ ಅವರದು, ಲಿಬ್ರೆಟೊ ಸೋದರಸಂಬಂಧಿ, ಕವಿ ತುಲಾನಿ ಡೇವಿಸ್ ಅವರದು. ಫಿಲಡೆಲ್ಫಿಯಾದಲ್ಲಿ ಪ್ರಯೋಗಾತ್ಮಕ ಪ್ರದರ್ಶನ ಕಂಡು, 1986ರ ಸೆಪ್ಟೆಂಬರ್ 28ರಂದು ನ್ಯೂಯಾರ್ಕ್ ಸಿಟಿ ಒಪೆರಾದಲ್ಲಿ ರಂಗಕ್ಕೆ ಬಂತು. ಆಗ ಡೇವಿಸ್‌ಗೆ 35. ಅದೇ ಸಿಟಿ ಒಪೆರಾ 1949ರಲ್ಲಿ ಕಪ್ಪು ಸಂಯೋಜಕ ವಿಲಿಯಂ ಗ್ರಾಂಟ್ ಸ್ಟಿಲ್ ಅವರ ‘ಟ್ರಬಲ್ಡ್ ಐಲೆಂಡ್’ ಆಡಿತ್ತು. ಅಲ್ಲಿಂದ ‘ಎಕ್ಸ್’ವರೆಗೆ 37 ವರ್ಷ. ಸಿಟಿ ಒಪೆರಾದ ಆಗಿನ ರಂಗಮಂದಿರಕ್ಕೂ ಮೆಟ್ರೊಪಾಲಿಟನ್ ಒಪೆರಾಕ್ಕೂ ನಡುವೆ ಇರುವುದು ಲಿಂಕನ್ ಸೆಂಟರಿನ ಒಂದು ಅಂಗಳ. ಅದನ್ನು ದಾಟಿ ಆಚೆ ಬಾಗಿಲಿಗೆ ಹೋಗಲು ‘ಎಕ್ಸ್’ಗೆ ಮತ್ತೆ 37 ವರ್ಷ ಹಿಡಿಯಿತು.

ಮೂರು ಅಂಕಗಳಲ್ಲಿ ಮಾಲ್ಕಂನ ಇಡೀ ಬದುಕು. 1931ರ ಲ್ಯಾನ್ಸಿಂಗ್, ತಂದೆಯ ಸಾವಿನ ಸುದ್ದಿಗೆ ಮುಂಚೆ ಗಂಡನಿಗಾಗಿ ಕಾಯುವ ತಾಯಿ ಲೂಯಿಸ್‌ಳ ಹಾಡು, ಬಾಸ್ಟನ್ನಿನ ಬೀದಿ, ಜೈಲು, ಅಲ್ಲಿ ತಮ್ಮ ರೆಜಿನಾಲ್ಡ್ ತಂದುಕೊಡುವ ನೇಷನ್ ಆಫ್ ಇಸ್ಲಾಂ ಎಂಬ ಕಪ್ಪು ಮುಸ್ಲಿಮರ ಸಂಘಟನೆಯ ಹೊಸ ನಂಬಿಕೆ, ಅದರ ನಾಯಕ ಎಲಾಯಿಜಾ ಮುಹಮ್ಮದ್, ಮುನಿಸು, ಮೆಕ್ಕಾ, ಕೊನೆಗೆ 1965ರ ಫೆಬ್ರವರಿ 21ರಂದು ಮಾಲ್ಕಂ ಗುಂಡೇಟಿಗೆ ಬಿದ್ದ ಆಡುಬನ್ ಬಾಲ್‌ರೂಂ. ಬಾಸ್ಟನ್ನಿನಲ್ಲಿ ಮಾಲ್ಕಂನನ್ನು ದಾರಿ ತಪ್ಪಿಸುವ ಸ್ಟ್ರೀಟ್ ಎಂಬ ಪಾತ್ರ, ಜೈಲಿನ ನಂತರ ದಾರಿ ತೋರುವ ಎಲಾಯಿಜಾ ಪಾತ್ರ, ಎರಡನ್ನೂ ಹಾಡುವುದು ಒಬ್ಬನೇ ಟೆನರ್ (ಏರುದನಿಯ ಗಾಯಕ). ಒಪೆರಾದವರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕಂಠ ಗುರುತಿಸಿದವರಿಗೆ ಮಾತ್ರ ಗೊತ್ತಾಗುತ್ತದೆ, ಆಗ ಬೆನ್ನಲ್ಲಿ ಸಣ್ಣಗೆ ನಡುಕ.

ಸಂಗೀತವೂ ಕಾಲದ ಜೊತೆ ಬಣ್ಣ ಬದಲಿಸುತ್ತ ಹೋಗುತ್ತದೆ. ನಲವತ್ತರ ದಶಕದ ಬಾಸ್ಟನ್ನಿಗೆ ಸ್ವಿಂಗ್ ಎಂಬ ಕುಣಿತದ ಜಾಝ್. ಅರವತ್ತರ ದಶಕಕ್ಕೆ ಬಂದಾಗ ಸ್ಯಾಕ್ಸೊಫೋನ್‌ನ ಜಾನ್ ಕೋಲ್ಟ್ರೇನ್‌ನ ಕಾಲದ ಗಾಢ ಛಾಯೆ. ಕೆಳಗೆ ಸದಾ ಒಂದು ಪುಟ್ಟ ಲಯದ ಸುತ್ತು ತಿರುಗುತ್ತಲೇ ಇರುತ್ತದೆ, ಅದರ ಮೇಲೆ ಬೇರೆ ಉದ್ದದ ಇನ್ನೊಂದು ಸುತ್ತು. ಎರಡೂ ಎಲ್ಲೋ ಒಂದು ಕಡೆ ಒಟ್ಟಿಗೆ ಬಂದು ಇಳಿಯುತ್ತವೆ. ತಾಳ ಹಾಕಿ ಕೇಳುವ ಅಭ್ಯಾಸ ಇದ್ದವರು ಬೆರಳು ಮಡಚಿ ನೋಡಿ. ಎಲ್ಲಿ ಐದು, ಎಲ್ಲಿ ಏಳು ಎಂದು ಹಿಡಿಯುವುದೇ ಒಂದು ಆಟ. ಸ್ವರ ಬರೆದಿಟ್ಟ ಆರ್ಕೆಸ್ಟ್ರಾದ ನಡುವೆ ಮನೋಧರ್ಮಕ್ಕೆ ನುಡಿಸುವ ಪುಟ್ಟ ತಂಡವೂ ಕೂತಿರುವುದರಿಂದ, ಎರಡು ರಾತ್ರಿಗಳ ಪ್ರದರ್ಶನ ಒಂದೇ ಥರ ಇರುವುದಿಲ್ಲ.

ಈ ಒಪೆರಾದ ಒಂದೇ ಒಂದು ತುಣುಕು ಕೇಳಿ ಬಿಡುತ್ತೇನೆ ಎನ್ನುವವರು ಮೊದಲ ಅಂಕದ ಕೊನೆಗೆ ಹೋಗಿ. ಮಾಲ್ಕಂ ಪೊಲೀಸರ ವಿಚಾರಣೆಯಲ್ಲಿ ಕೂತಿದ್ದಾನೆ. ಕೇಳುವವರು ಎದುರಿಗೆ ಕಾಣುವುದಿಲ್ಲ, ಪ್ರಶ್ನೆಯೂ ಕೇಳಿಸುವುದಿಲ್ಲ. ಮಾಲ್ಕಂ ಆಗಿ ಹಾಡುವ ಬ್ಯಾರಿಟೋನ್ (ಟೆನರ್‌ಗಿಂತ ತಗ್ಗಿನ ಗಂಡುದನಿ) ಕೆಳಸ್ಥಾಯಿಯಲ್ಲಿ ಮೆಲ್ಲಗೆ ಶುರುಮಾಡುತ್ತಾನೆ: ನಿಮಗೆ ಕಥೆ ಬೇಕು, ಆದರೆ ತಿಳಿಯುವುದು ಬೇಡ, ನಾನು ಹುಟ್ಟಿದಂದಿನಿಂದ ನಿಮ್ಮ ಕಾಲು ನನ್ನ ಮೇಲಿದೆ, ಅದುಮುತ್ತಲೇ ಇದೆ ಎಂಬ ಅರ್ಥದ ಮಾತು. ಒಂದೊಂದು ಸಾಲಿಗೂ ದನಿ ಒಂದೊಂದು ಮೆಟ್ಟಿಲು ಏರುತ್ತದೆ, ಕೆಳಗಿನ ಲಯದ ಸುತ್ತು ಮಾತ್ರ ಇದ್ದಲ್ಲೇ ಇರುತ್ತದೆ. ಸಿಟ್ಟು ಒಮ್ಮೆಲೇ ಸ್ಫೋಟಿಸುವುದಿಲ್ಲ, ಕುದಿಯುತ್ತದೆ. 1986ರಲ್ಲಿ ರಂಗಕ್ಕೆ ಬಂದ ಈ ಸಾಲುಗಳನ್ನು, 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್‌ನ ಕೊರಳ ಮೇಲೆ ಮಂಡಿಯೂರಿ ಕೊಂದಮೇಲೆ ಕೇಳಿದವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಇಲ್ಲೇ ಇನ್ನೊಂದು ಆಯ್ಕೆ ಎದುರಾಗುತ್ತದೆ, ಏಕೆಂದರೆ ‘ಎಕ್ಸ್’ನ ಧ್ವನಿಮುದ್ರಿಕೆಗಳು ಎರಡು. ಹಳೆಯದು ಗ್ರಾಮವಿಷನ್ ಕಂಪನಿ 1992ರಲ್ಲಿ ಹೊರತಂದದ್ದು: ಮಾಲ್ಕಂ ಆಗಿ ಯುಜೀನ್ ಪೆರಿ, ಸ್ಟ್ರೀಟ್ ಮತ್ತು ಎಲಾಯಿಜಾ ಆಗಿ ಥಾಮಸ್ ಯಂಗ್, ಕಂಡಕ್ಟರ್ ವಿಲಿಯಂ ಹೆನ್ರಿ ಕರಿ, ಜೊತೆಗೆ ಡೇವಿಸ್ ಅವರ ಎಪಿಸ್ಟೀಮಿ ತಂಡವೇ. ಹೊಸದು ಬಾಸ್ಟನ್ ಮಾಡರ್ನ್ ಆರ್ಕೆಸ್ಟ್ರಾ ಪ್ರಾಜೆಕ್ಟ್‌ನವರು ಗಿಲ್ ರೋಸ್ ನೇತೃತ್ವದಲ್ಲಿ 2022ರಲ್ಲಿ ತಂದದ್ದು. ಮಾಲ್ಕಂ ಆಗಿ ಡವೋನ್ ಟೈನ್ಸ್. ಡೇವಿಸ್ ಅಷ್ಟರಲ್ಲಿ ಸ್ಕೋರನ್ನು (ಬರೆದಿಟ್ಟ ಸ್ವರಪಠ್ಯ) ತಿದ್ದಿದ್ದರು. ಹಳೆಯದರಲ್ಲಿ ಥಾಮಸ್ ಯಂಗ್‌ನ ಚುರುಕಿಗೆ ಸಾಟಿಯಿಲ್ಲ. ಜಾಝ್ ಹಾಡುಗಾರನ ಸಡಿಲ, ಟೆನರ್‌ನ ಶಕ್ತಿ ಎರಡೂ ಆ ಕಂಠದಲ್ಲಿವೆ. ಹೊಸದರಲ್ಲಿ ಆರ್ಕೆಸ್ಟ್ರಾದ ಒಂದೊಂದು ಪದರವೂ ಬಿಡಿಬಿಡಿಯಾಗಿ ಕೇಳುತ್ತದೆ, ಟೈನ್ಸ್‌ನ ಕೆಳಸ್ವರಗಳಲ್ಲಿ ಭಾರವಿದೆ. ಮೊದಲ ಸಲ ಕೇಳುವವರಿಗೆ ಹೊಸದೇ ಸರಿ: ಈಗ ರಂಗದ ಮೇಲೆ ನೀವು ನೋಡುವುದೂ ತಿದ್ದಿದ ರೂಪವನ್ನೇ, ಸ್ಟ್ರೀಮಿಂಗ್‌ನಲ್ಲಿ ಸುಲಭಕ್ಕೆ ಸಿಗುವುದೂ ಅದೇ. ಹಳೆಯದನ್ನು ಆಮೇಲೆ ಯಂಗ್‌ಗಾಗಿ ಹುಡುಕಿ.

ನೋಡುವ ಆಸೆ ಇದ್ದರೆ ರಾಬರ್ಟ್ ಓಹಾರಾ ನಿರ್ದೇಶನದ ಪ್ರದರ್ಶನ ಇದೆ. 2022ರ ಮೇನಲ್ಲಿ ಡೆಟ್ರಾಯಿಟ್‌ನಲ್ಲಿ ಶುರುವಾಗಿ, ಮಾಲ್ಕಂ ಹುಟ್ಟಿದೂರು ಒಮಾಹಾಕ್ಕೂ ಹೋಗಿ, 2023ರಲ್ಲಿ ಮೆಟ್ರೊಪಾಲಿಟನ್ ಒಪೆರಾಕ್ಕೆ, ಅಂದರೆ ‘ಮೆಟ್’ಗೆ ಬಂದದ್ದು ಇದೇ. ಮೆಟ್‌ನಲ್ಲಿ ವಿಲ್ ಲಿವರ್ಮನ್ ಮಾಲ್ಕಂ, ಕಜೆಮ್ ಅಬ್ದುಲ್ಲಾ ಕಂಡಕ್ಟರ್. ವೇದಿಕೆಯ ಮೇಲೆ ಒಂದು ಆಕಾಶನೌಕೆ, ಭವಿಷ್ಯದಿಂದ ಬಂದವರಂತೆ ತೋರುವ ಮೇಳದವರು. ಈ ಅಲಂಕಾರ ಎಲ್ಲರಿಗೂ ರುಚಿಸಲಿಕ್ಕಿಲ್ಲ. ಕಥೆಯೇ ಇಷ್ಟು ಗಟ್ಟಿ ಇರುವಾಗ ಆಕಾಶನೌಕೆ ಯಾಕೆ ಎಂದು ನನಗೂ ಅನ್ನಿಸಿತು. ಆದರೆ ಹಾಡುಗಾರರ ಮುಖ ನೋಡುತ್ತ, ಕೆಳಗೆ ಸಾಲು ಓದುತ್ತ ಕೇಳುವ ಅನುಕೂಲ ದೊಡ್ಡದು.

‘ಅಮಿಸ್ಟಾಡ್’ (1997)

ಶಿಕಾಗೊದ ಲಿರಿಕ್ ಒಪೆರಾದಲ್ಲಿ 1997ರ ನವೆಂಬರ್ ಕೊನೆಗೆ ಮೊದಲ ಪ್ರದರ್ಶನ. ಮರುತಿಂಗಳೇ ಸ್ಪೀಲ್‌ಬರ್ಗ್ ಅವರ ಅದೇ ಹೆಸರಿನ ಸಿನಿಮಾ ಬಂದು, ಜನ ಇಂದಿಗೂ ಎರಡನ್ನೂ ಕಲಸಿಕೊಳ್ಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲ. ಲಿಬ್ರೆಟೊ ಇಲ್ಲೂ ತುಲಾನಿ ಡೇವಿಸ್ ಅವರದು.

1839ರಲ್ಲಿ ಕ್ಯೂಬಾದ ಹತ್ತಿರ ಗುಲಾಮರ ಹಡಗೊಂದರಲ್ಲಿ ಸಿಂಕೆ ಎಂಬವನ ಮುಂದಾಳತ್ವದಲ್ಲಿ ದಂಗೆ ನಡೆಯಿತು. ಹಡಗು ಕೊನೆಗೆ ಅಮೆರಿಕದ ಕರಾವಳಿಗೆ ಬಂದು ಸಿಕ್ಕಿಬಿದ್ದು, ಆಫ್ರಿಕನ್ನರನ್ನು ನ್ಯೂ ಹೇವನ್‌ನ ಜೈಲಿಗೆ ಹಾಕಿದರು. ಮಾಜಿ ಅಧ್ಯಕ್ಷ ಜಾನ್ ಕ್ವಿನ್ಸಿ ಆಡಮ್ಸ್ ಈ ಆಫ್ರಿಕನ್ನರ ಪರ ವಾದಿಸಿ, 1841ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಬಿಡುಗಡೆ ಸಿಕ್ಕಿತು. ನ್ಯೂ ಹೇವನ್ ಎಂದರೆ ಡೇವಿಸ್ ಓದಿದ ಯೇಲ್ ಇರುವ ಊರೇ.

ಈ ಒಪೆರಾ ಕೋರ್ಟಿನ ಕಥೆಯನ್ನು ನೇರ ಹೇಳುವುದಿಲ್ಲ. ಪಶ್ಚಿಮ ಆಫ್ರಿಕಾದ ತುಂಟ ದೇವರೊಬ್ಬ, ಟ್ರಿಕ್‌ಸ್ಟರ್, ಹಡಗಿನಲ್ಲಿ ಅಡಗಿ ಬಂದು ಅಮೆರಿಕದಲ್ಲಿ ಕಣ್ಣುಕಣ್ಣು ಬಿಡುತ್ತಾನೆ. ಸಮುದ್ರದ ದೇವತೆ ನೀರಿನಲ್ಲಿ ಸತ್ತವರಿಗಾಗಿ ಹಾಡುತ್ತಾಳೆ. ಈ ದೇವತೆಯ ಹಾಡು ಡೇವಿಸ್ ಬರೆದ ಅತಿ ಸುಂದರ ಸಂಗೀತಗಳಲ್ಲಿ ಒಂದು. ಮೊದಲ ಪ್ರದರ್ಶನದಲ್ಲಿ ಇದನ್ನು ಹಾಡಿದ ಫ್ಲಾರೆನ್ಸ್ ಕ್ವಿವರ್ ಕಂಠ ಮಂದ್ರದಲ್ಲಿ ನಿಂತಾಗ ಆರ್ಕೆಸ್ಟ್ರಾವೇ ಉಸಿರು ಹಿಡಿದಂತಿರುತ್ತದೆ. ಟ್ರಿಕ್‌ಸ್ಟರ್ ಮತ್ತೆ ಥಾಮಸ್ ಯಂಗ್.

ತೊಡಕೇನೆಂದರೆ ಪಾತ್ರಗಳು ಬಹಳ, ಆರ್ಕೆಸ್ಟ್ರಾ ದಟ್ಟ. ಕಥೆ ಗೊತ್ತಿಲ್ಲದೆ ಇದಕ್ಕೆ ಕೂತರೆ, ಪ್ರಸಂಗ ಯಾವುದೆಂದು ತಿಳಿಯದೆ ನಡುರಾತ್ರಿ ಯಕ್ಷಗಾನಕ್ಕೆ ಹೋಗಿ ಕೂತವನ ಪಾಡಾಗುತ್ತದೆ: ವೇಷ ಬರುತ್ತವೆ, ಹೋಗುತ್ತವೆ, ಯಾರು ಯಾರೆಂದು ಪಕ್ಕದವರನ್ನು ಕೇಳಬೇಕು. 2008ರಲ್ಲಿ ಚಾರ್ಲ್ಸ್‌ಟನ್‌ನ ಸ್ಪೊಲೆಟೊ ಉತ್ಸವಕ್ಕಾಗಿ ಡೇವಿಸ್ ಇದನ್ನು ಬಿಗಿಮಾಡಿದರು. ಆದರೆ ನ್ಯೂ ವರ್ಲ್ಡ್ ರೆಕಾರ್ಡ್ಸ್ ಹೊರತಂದ ಧ್ವನಿಮುದ್ರಿಕೆ 1997ರ ಶಿಕಾಗೊ ಪ್ರದರ್ಶನದ್ದು. ಅಂದರೆ ಕೈಗೆ ಸಿಗುವುದು ದಟ್ಟವಾದ ಮೊದಲ ರೂಪವೇ. ಇತಿಹಾಸದಲ್ಲಿ ಆಸಕ್ತಿ ಇದ್ದವರು, ಲಿಬ್ರೆಟೊ ಓದಿಕೊಂಡೇ ಕೇಳುವ ತಾಳ್ಮೆ ಇದ್ದವರು ಇದಕ್ಕೆ ಬರಲಿ, ಆದರೆ ‘ಎಕ್ಸ್’ ಆದಮೇಲೆ.

‘ದಿ ಸೆಂಟ್ರಲ್ ಪಾರ್ಕ್ ಫೈವ್’ (2019)

ಪುಲಿಟ್ಜರ್ ತಂದದ್ದು ಇದು. ಲಿಬ್ರೆಟೊ ನಾಟಕಕಾರ ರಿಚರ್ಡ್ ವೆಸ್ಲಿ ಅವರದು. 2016ರಲ್ಲಿ ನ್ಯೂವಾರ್ಕ್‌ನ ಟ್ರಿಲಜಿ ಎಂಬ ಒಪೆರಾ ಕಂಪನಿಯಲ್ಲಿ ‘ಫೈವ್’ ಹೆಸರಿನ ಮೊದಲ ರೂಪ ಬಂದಿತ್ತು. ಪೂರ್ಣ ರೂಪ 2019ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್ ಒಪೆರಾದಿಂದ.

ಘಟನೆ ತೀರಾ ಹಳೆಯದಲ್ಲ. 1989ರ ಏಪ್ರಿಲ್ 19ರ ರಾತ್ರಿ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ ಓಡುತ್ತಿದ್ದ ಮಹಿಳೆಯೊಬ್ಬರ ಮೇಲೆ ಭೀಕರ ಅತ್ಯಾಚಾರ, ಹಲ್ಲೆ ನಡೆಯಿತು. 14ರಿಂದ 16ರ ವಯಸ್ಸಿನ ಐವರು ಕಪ್ಪು ಮತ್ತು ಲ್ಯಾಟಿನೊ ಹುಡುಗರನ್ನು ಹಿಡಿದು ತಂದು, ಗಂಟೆಗಟ್ಟಲೆ ವಿಚಾರಣೆ ಮಾಡಿ, ತಪ್ಪೊಪ್ಪಿಗೆ ಬರೆಸಿಕೊಂಡರು. ಆಗ ಕಟ್ಟಡ ವ್ಯಾಪಾರಿಯಾಗಿದ್ದ ಡೊನಾಲ್ಡ್ ಟ್ರಂಪ್ ಮರಣದಂಡನೆ ಮರಳಿ ತನ್ನಿ ಎಂದು ಪತ್ರಿಕೆಗಳಲ್ಲಿ ಪುಟತುಂಬ ಜಾಹೀರಾತು ಕೊಟ್ಟರು. 2002ರಲ್ಲಿ ಬೇರೊಬ್ಬ ತಪ್ಪು ಒಪ್ಪಿಕೊಂಡು, ಡಿಎನ್‌ಎ ಅವನಿಗೇ ತಾಳೆಯಾಗಿ, ಐವರ ಮೇಲಿನ ಶಿಕ್ಷೆ ರದ್ದಾಯಿತು. 2014ರಲ್ಲಿ ನಗರ 4.1 ಕೋಟಿ ಡಾಲರ್ ಪರಿಹಾರ ಕೊಟ್ಟಿತು.

ಸಂಗೀತದ ತಂತ್ರವೇ ಇಲ್ಲಿ ಕಥೆ. ಐವರು ಹುಡುಗರು ಮೊದಲಿಗೆ ಒಟ್ಟಾಗಿ ಹಾಡುತ್ತಾರೆ. ವಿಚಾರಣೆ ಶುರುವಾದಂತೆ ಪೊಲೀಸರು ಅವರನ್ನು ಬೇರೆಬೇರೆ ಕೋಣೆಗೆ ಹಾಕುತ್ತಾರೆ, ಹಾಡೂ ಒಡೆಯುತ್ತದೆ. ಒಂದೇ ಪ್ರಶ್ನೆ ಮತ್ತೆ ಮತ್ತೆ, ಬೇರೆ ಬೇರೆ ದಿಕ್ಕಿನಿಂದ ಬರುವಾಗ ಕೇಳುಗನಿಗೇ ದಣಿವು ಹತ್ತುತ್ತದೆ. ಹೌದು ಎಂದುಬಿಟ್ಟರೆ ಮನೆಗೆ ಹೋಗಬಹುದಲ್ಲ ಎಂದು ಆ ಮಕ್ಕಳಿಗೆ ಯಾಕೆ ಅನ್ನಿಸಿತೆಂದು ವಾದ ಮಾಡಿ ಹೇಳಬೇಕಾಗುವುದಿಲ್ಲ, ಕೂತಲ್ಲೇ ಗೊತ್ತಾಗುತ್ತದೆ. ಹೊರಗೆ ಬಿಳಿಯರ ನ್ಯೂಯಾರ್ಕಿನ ನಾನಾ ಮುಖಗಳನ್ನು ಮಾಸ್ಕ್ ಎಂಬ ಒಂದೇ ಪಾತ್ರ ಹೊತ್ತು ತಿರುಗುತ್ತದೆ. ಟ್ರಂಪ್ ಕೂಡ ಪಾತ್ರವೇ, ಟೆನರ್. ಈ ದೃಶ್ಯಗಳಿಗೆ ನಗು ಬರುತ್ತದೆ, ಆದರೆ ಅವು ತುಸು ಸುಲಭದ ನಗು; ಒಪೆರಾದ ಬಲ ಅಲ್ಲಿಲ್ಲ, ವಿಚಾರಣೆಯ ಕೋಣೆಯಲ್ಲಿದೆ.

ಇದಕ್ಕೆ ಕಥೆಯ ತಯಾರಿ ಕಡಿಮೆ ಸಾಕು, ಮಾತು ಚುರುಕು, ಎಲ್ಲಿಯೂ ಎಳೆಯುವುದಿಲ್ಲ. ಹಾಗಿದ್ದರೆ ಮೊದಲು ಇದೇ ಆಗಬಾರದೇಕೆ? ಏಕೆಂದರೆ ಇದು ರಂಗಕ್ಕೆ ಕಟ್ಟಿದ ಕೃತಿ. ಹುಡುಗರು, ಅವರ ತಾಯಿತಂದೆ, ಪೊಲೀಸರು, ಒಂದೇ ಮೈಯಲ್ಲಿ ಹಲವು ವೇಷ, ಎಲ್ಲ ಕಣ್ಣೆದುರು ಇದ್ದಾಗಲೇ ಇದರ ಪೆಟ್ಟು. ಲಾಂಗ್ ಬೀಚ್ ನಂತರ 2022ರಲ್ಲಿ ಪೋರ್ಟ್‌ಲೆಂಡ್, 2025ರಲ್ಲಿ ಡೆಟ್ರಾಯಿಟ್ ಇದನ್ನು ಆಡಿದವು. ಆರ್ಕೆಸ್ಟ್ರಾ ದೊಡ್ಡದಲ್ಲವಾದ್ದರಿಂದ ಸಣ್ಣ ಕಂಪನಿಗಳೂ ಕೈಹಾಕುತ್ತವೆ. ಅಮೆರಿಕದಲ್ಲಿರುವ ಕನ್ನಡಿಗರು ತಮ್ಮೂರಿನ ಒಪೆರಾ ಕಂಪನಿಯ ಮುಂದಿನ ಸೀಸನ್ ಪಟ್ಟಿಯಲ್ಲಿ ಈ ಹೆಸರು ಕಂಡರೆ ಬಿಡಬೇಡಿ. ಇಲ್ಲಿ ಬೆಂಗಳೂರಿನಲ್ಲೋ ಧಾರವಾಡದಲ್ಲೋ ಹೆಡ್‌ಫೋನ್ ಹಾಕಿಕೊಂಡು ಕೂರುವವರಿಗೆ ‘ಎಕ್ಸ್’ ಕೊಡುವಷ್ಟನ್ನು ಇದು ಕೊಡಲಾರದು.

‘ಯೂ ಹ್ಯಾವ್ ದಿ ರೈಟ್ ಟು ರಿಮೇನ್ ಸೈಲೆಂಟ್’ (2007)

ಒಪೆರಾ ಬೇಡ, ಇಪ್ಪತ್ತೈದು ನಿಮಿಷ ಇದೆ ಎನ್ನುವವರಿಗೆ ಇದು. ಕ್ಲಾರಿನೆಟ್ ಮತ್ತು ಆರ್ಕೆಸ್ಟ್ರಾ, ಜೊತೆಗೆ ಎಲೆಕ್ಟ್ರಾನಿಕ್ಸ್. ಹಿನ್ನೆಲೆ ಡೇವಿಸ್ ಅವರ ಬದುಕಿನದ್ದೇ: ಎಪ್ಪತ್ತರ ದಶಕದಲ್ಲಿ ಬಾಸ್ಟನ್ನಿನಲ್ಲಿ ಸಂಗೀತ ಕಚೇರಿಗೆ ಹೊರಟಿದ್ದಾಗ ಪೊಲೀಸರು ಕಾರು ನಿಲ್ಲಿಸಿ, ಬೇರೆ ಯಾರೋ ಎಂದುಕೊಂಡು ಬಂದೂಕು ಹಿಡಿದರು. ಬಂಧಿಸಿದವರನ್ನು ವಿಚಾರಿಸುವ ಮುನ್ನ ಅಮೆರಿಕದ ಪೊಲೀಸರು ಓದಲೇಬೇಕಾದ, ‘ನಿನಗೆ ಸುಮ್ಮನಿರುವ ಹಕ್ಕಿದೆ’ ಎಂದು ಶುರುವಾಗುವ ಎಚ್ಚರಿಕೆಯ ಮಾತುಗಳೇ ಕೃತಿಯ ಹೆಸರು.

ನಾಲ್ಕು ಭಾಗಗಳು: ವಿಚಾರಣೆ, ನಷ್ಟ, ಸೆರೆ, ಅನ್ಯನ ಕುಣಿತ. ಕ್ಲಾರಿನೆಟ್ ಸಿಕ್ಕಿಬಿದ್ದವನು, ಆರ್ಕೆಸ್ಟ್ರಾ ಪೊಲೀಸು. ಮೊದಲ ಭಾಗದಲ್ಲಿ ಕ್ಲಾರಿನೆಟ್ ಒಂದು ವಾಕ್ಯ ಎತ್ತುತ್ತದೆ, ಮುಗಿಸಲು ಬಿಡದೆ ಹಿತ್ತಾಳೆ ವಾದ್ಯಗಳು ಕತ್ತರಿಸುತ್ತವೆ. ಮತ್ತೆ ಎತ್ತುತ್ತದೆ, ಮತ್ತೆ ಕತ್ತರಿ. ಇದ್ದಕ್ಕಿದ್ದಂತೆ ವಾದಕರು ವಾದ್ಯ ಕೆಳಗಿಟ್ಟು ಆ ಎಚ್ಚರಿಕೆಯ ಪದಗಳನ್ನು ಲಯಕ್ಕೆ ಸರಿಯಾಗಿ ಹೇಳತೊಡಗುತ್ತಾರೆ: ಪಿಟೀಲಿನವರು, ಬಾಸಿನವರು, ಎಲ್ಲರೂ. ಅಷ್ಟು ಹೊತ್ತು ವಾದ್ಯವಾಗಿದ್ದವರು ಏಕಾಏಕಿ ಮನುಷ್ಯರಾಗಿ, ಅದೂ ಆ ಕಡೆಯವರಾಗಿ, ತಿರುಗಿಬೀಳುವುದು ಮೈ ಜುಮ್ಮೆನಿಸುತ್ತದೆ. ಕ್ಲಾರಿನೆಟ್‌ನ ಉತ್ತರ ಬಹಳ ಕಡೆ ಮನೋಧರ್ಮಕ್ಕೆ ಬಿಟ್ಟದ್ದು. ಸುಮ್ಮನಿರುವ ಹಕ್ಕು ಇದೆ ಎಂದವರ ಎದುರು ಆತ ಬೇಕಾದ್ದು ನುಡಿಸಬಹುದು, ಅವರು ಬರೆದದ್ದನ್ನಷ್ಟೇ ನುಡಿಸಬೇಕು.

ಬಾಸ್ಟನ್ ಮಾಡರ್ನ್ ಆರ್ಕೆಸ್ಟ್ರಾ ಪ್ರಾಜೆಕ್ಟ್ 2014ರಲ್ಲಿ ತಂದ ಆಲ್ಬಮ್‌ನಲ್ಲಿ ಇದು ಇದೆ, ಕ್ಲಾರಿನೆಟ್ ಜೆ.ಡಿ. ಪಾರನ್, ಎಲೆಕ್ಟ್ರಾನಿಕ್ಸ್ ಅರ್ಲ್ ಹೋವರ್ಡ್. ಪಾರನ್ ದೊಡ್ಡ ಗಾತ್ರದ ಮಂದ್ರ ಕ್ಲಾರಿನೆಟ್ಟನ್ನೂ ನುಡಿಸುತ್ತಾರೆ. ಅದು ಗೊರಗೊರ ಎನ್ನುವಾಗ ವಾದ್ಯವೋ ಗಂಟಲೋ ಎಂದು ಅನುಮಾನವಾಗುತ್ತದೆ. ಈಚೆಗೆ ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್‌ನ ಮುಖ್ಯ ಕ್ಲಾರಿನೆಟ್ ವಾದಕ ಆಂಥೊನಿ ಮೆಕ್‌ಗಿಲ್ ಕೂಡ ಇದನ್ನು ಕೈಗೆತ್ತಿಕೊಂಡು ಹಲವು ಕಡೆ ನುಡಿಸಿದ್ದಾರೆ.

ಇದೇ ಆಲ್ಬಮ್‌ನಲ್ಲಿ ಇನ್ನೆರಡು ಕೃತಿ. ಲೇಖಕ ರಾಲ್ಫ್ ಎಲಿಸನ್‌ಗೆ ಅರ್ಪಿಸಿದ ‘ನೋಟ್ಸ್ ಫ್ರಮ್ ದಿ ಅಂಡರ್‌ಗ್ರೌಂಡ್’, ಮತ್ತು ‘ವಾಯಾಂಗ್ 5’ ಎಂಬ ಪಿಯಾನೊ ಕಾಂಚೆರ್ಟೊ, ಅಂದರೆ ಪಿಯಾನೊ ಮುಂದೆ ನಿಂತು ಆರ್ಕೆಸ್ಟ್ರಾ ಜೊತೆಗೂಡುವ ಕೃತಿ. ವಾಯಾಂಗ್ ಅಂದರೆ ರಾಮಾಯಣ, ಮಹಾಭಾರತ ಆಡಿಸುವ ಇಂಡೋನೇಷ್ಯಾದ ನೆರಳುಗೊಂಬೆಯಾಟ. ಅದರ ಗಮೆಲಾನ್ ವಾದ್ಯವೃಂದದಿಂದ ಡೇವಿಸ್ ಕಲಿತದ್ದೇ ಆ ಸುತ್ತುವ ಲಯದ ಪದರಗಳು. ‘ಎಕ್ಸ್’ನಲ್ಲಿ ಮಾತಿನ ಕೆಳಗೆ ಅಡಗಿರುವ ಲೆಕ್ಕಾಚಾರ ‘ವಾಯಾಂಗ್ 5’ರಲ್ಲಿ ಬಿಚ್ಚಿಟ್ಟಂತೆ ಕೇಳುತ್ತದೆ. ಲಯದ ಬೆನ್ನು ಹತ್ತುವವರು, ಮೃದಂಗದ ತನಿಗೆ ಕಾದು ಕೂರುವವರು, ಒಪೆರಾ ಬದಿಗಿಟ್ಟು ಇಲ್ಲಿಂದಲೇ ಶುರುಮಾಡಬಹುದು. ಪಿಯಾನೊ ನುಡಿಸಿರುವುದು ಡೇವಿಸ್ ಅವರೇ.

ಉಳಿದವು

1992ರ ‘ಟಾನಿಯಾ’, ಅಪಹರಣಕ್ಕೆ ಸಿಕ್ಕಿ ಅಪಹರಿಸಿದವರ ಜೊತೆಗೇ ಬಂದೂಕು ಹಿಡಿದ ಪ್ಯಾಟಿ ಹರ್ಸ್ಟ್ ಪ್ರಕರಣದ ಮೇಲಿನ ಒಪೆರಾ: ಚಿಕ್ಕದು, ಚೇಷ್ಟೆಯದು, ಎರಡನೆಯ ಸುತ್ತಿಗೆ. ಕವಿ ಯೂಸೆಫ್ ಕೊಮುನ್ಯಾಕಾ ಲಿಬ್ರೆಟೊ ಬರೆದ ‘ವಾಕೊಂಡಾಸ್ ಡ್ರೀಮ್’ (2007) ಅಮೆರಿಕದ ಮೂಲನಿವಾಸಿಗಳಾದ ಪೊಂಕಾ ಬುಡಕಟ್ಟಿನವರ ಕಥೆ. ಎಂಬತ್ತರ ದಶಕದ ಒಂಟಿ ಪಿಯಾನೊ ಮತ್ತು ಎಪಿಸ್ಟೀಮಿ ಆಲ್ಬಮ್‌ಗಳು ಜಾಝ್ ಪ್ರಿಯರಿಗೆ ನೇರ ದಾರಿ. ಆದರೆ ಅವನ್ನಷ್ಟೇ ಕೇಳಿದರೆ ಡೇವಿಸ್ ಯಾಕೆ ಒಪೆರಾಕ್ಕೆ ಹೋದರೆಂದು ತಿಳಿಯುವುದಿಲ್ಲ.

ಇಷ್ಟಕ್ಕೂ ರಾಗಬದ್ಧವಾದ, ಗುನುಗುವಂಥ ಸಂಗೀತವೇ ಬೇಕೆಂದರೆ ಡೇವಿಸ್ ನಿಮ್ಮವರಲ್ಲದಿರಬಹುದು. ಅವರಂತೆಯೇ ಜಾಝ್‌ನಿಂದ ಬಂದ ಟೆರೆನ್ಸ್ ಬ್ಲಾಂಚರ್ಡ್ ಅವರ ‘ಫೈರ್ ಶಟ್ ಅಪ್ ಇನ್ ಮೈ ಬೋನ್ಸ್’ ಕೇಳಿ. 2021ರ ಸೆಪ್ಟೆಂಬರ್‌ನಲ್ಲಿ ಮೆಟ್ ಅದರಿಂದ ಸೀಸನ್ ಶುರುಮಾಡಿತು. ಕಪ್ಪು ಸಂಯೋಜಕರೊಬ್ಬರ ಒಪೆರಾವನ್ನು ಆ ಸಂಸ್ಥೆ ಆಡಿದ್ದು ಅದೇ ಮೊದಲು. ಬ್ಲಾಂಚರ್ಡ್ ಕೇಳುಗನ ಕೈಹಿಡಿದು ನಡೆಸುತ್ತಾರೆ. ಡೇವಿಸ್ ಮುಂದೆ ನಡೆಯುತ್ತಾರೆ, ಹಿಂದೆ ಹೋಗುವುದು ನಮ್ಮ ಕೆಲಸ.

ನಿಮಗೆ ಯಾವುದು?

ಪ್ರಶಸ್ತಿಯ ಬೆನ್ನುಹತ್ತಿ ಹೋಗುವುದಕ್ಕಿಂತ ಒಂದು ದಾರಿ ಹಿಡಿದು ಹೋಗುವುದು ಲೇಸು. ‘ಎಕ್ಸ್’ನ ಮೊದಲ ಅಂಕದ ಕೊನೆ, ಈ ಕ್ಲಾರಿನೆಟ್ ಕೃತಿ, ‘ಸೆಂಟ್ರಲ್ ಪಾರ್ಕ್ ಫೈವ್’, ಮೂರರಲ್ಲೂ ಇರುವುದು ಒಂದೇ ಕೋಣೆ, ಒಂದೇ ಕುರ್ಚಿ. 1986ರಲ್ಲಿ ಆ ಕುರ್ಚಿಯಲ್ಲಿ ಕೂತವನು ಉತ್ತರಿಸಲು ನಿರಾಕರಿಸಿ ಹಾಡುತ್ತಾನೆ. 2007ರಲ್ಲಿ ಅವನ ಬಾಯಿಂದ ಮಾತೇ ಹೋಗಿದೆ, ಕ್ಲಾರಿನೆಟ್ ಉಳಿದಿದೆ. 2019ರಲ್ಲಿ ಅಲ್ಲಿ ಕೂತಿರುವವರು ಮಕ್ಕಳು, ಅವರು ಉತ್ತರ ಕೊಟ್ಟುಬಿಡುತ್ತಾರೆ, ಸುಳ್ಳು ಉತ್ತರ. ಈ ಕ್ರಮದಲ್ಲೇ ಕೇಳಿದರೆ ಪುಲಿಟ್ಜರ್ ಕೃತಿ ಎಲ್ಲಿಂದ ಬಂತೆಂದು ಗೊತ್ತಾಗುತ್ತದೆ. ಉಲ್ಟಾ ಹೋದರೆ ಅದೊಂದು ಸುದ್ದಿಯ ಒಪೆರಾ ಅನ್ನಿಸಿ ಮರೆತುಹೋಗುವ ಅಪಾಯವಿದೆ.

ಕೈಯಿಂದ ಹೊಸದಾಗಿ ಕಾಸು ಬಿಚ್ಚುವುದಿಲ್ಲ ಎನ್ನುವವರಿಗೆ, ಸ್ಟ್ರೀಮಿಂಗ್‌ನಲ್ಲಿ 2014ರ ಆರ್ಕೆಸ್ಟ್ರಾ ಆಲ್ಬಮ್, ಆಮೇಲೆ 2022ರ ‘ಎಕ್ಸ್’. ತಿಂಗಳ ಚಂದಾಕ್ಕೆ ಸಿದ್ಧರಿದ್ದರೆ ಮೆಟ್‌ನ ಪ್ರದರ್ಶನವನ್ನು ಅವರದೇ ವಿಡಿಯೊ ಸೇವೆಯಲ್ಲಿ ಹುಡುಕಿ. ಒಂದೇ ತಿಂಗಳು ಕಟ್ಟಿ, ಬ್ಲಾಂಚರ್ಡ್ ಅವರದ್ದನ್ನೂ ಅದರಲ್ಲೇ ಮುಗಿಸಿ ಬಿಟ್ಟುಬಿಡುವ ಜಾಣತನಕ್ಕೆ ಯಾರೂ ಅಡ್ಡಿ ಮಾಡುವುದಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳು ತುಲಾನಿ ಡೇವಿಸ್ ಅವರ ಎರಡೂ ಲಿಬ್ರೆಟೊಗಳನ್ನು ಅಕ್ಕಪಕ್ಕ ಇಟ್ಟುಕೊಳ್ಳಲಿ. ‘ಅಮಿಸ್ಟಾಡ್’ ಅವರಿಗೆ ಮೊದಲೇ ಬಂದರೂ ತೊಂದರೆಯಿಲ್ಲ. ಸಂಗೀತ ಕಲಿಯುತ್ತಿರುವವರು ‘ವಾಯಾಂಗ್ 5’.

ಟಿಕೆಟ್ ಕೊಂಡು ಹೋಗುವವರಿಗೆ ಎರಡು ಮಾತು. ದುಬಾರಿ ಸೀಟಿನ ಆಸೆ ಬಿಡಿ. ಮೇಲಿನ ಅಟ್ಟದಿಂದ ಆರ್ಕೆಸ್ಟ್ರಾದ ತಗ್ಗು ಪೂರ್ತಿ ಕಾಣುತ್ತದೆ, ‘ಎಕ್ಸ್’ನಲ್ಲಿ ಯಾರು ಬರೆದದ್ದನ್ನು ನುಡಿಸುತ್ತಿದ್ದಾರೆ, ಯಾರು ತಮ್ಮ ಮನೋಧರ್ಮಕ್ಕೆ ಎಂದು ನೋಡಿ ಹಿಡಿಯಬಹುದು, ಮಾತಿನ ಸಾಲುಗಳ ಪರದೆಯೂ ಅಲ್ಲಿಂದ ಸ್ಪಷ್ಟ. ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ‘ಎಕ್ಸ್’ಗೆ ಹೈಸ್ಕೂಲಿನವರನ್ನು ಧೈರ್ಯವಾಗಿ ಕರೆದೊಯ್ಯಿರಿ. ‘ಸೆಂಟ್ರಲ್ ಪಾರ್ಕ್ ಫೈವ್’ನಲ್ಲಿ ಅತ್ಯಾಚಾರದ ಪ್ರಕರಣ, ಒರಟು ಬೈಗುಳ ಎರಡೂ ಇವೆ, ಮುಂಚೆ ಮನೆಯಲ್ಲಿ ಕೂತು ಪ್ರಕರಣವನ್ನು ಅವರಿಗೆ ಹೇಳಿ, ಆಮೇಲೆ ಹೊರಡಿ.